ಮಗಳಿಗೊಂದು ತಟ್ಟೆ, ಮನೆಗೊಂದು ತಟ್ಟೆ ಬೇಡ

ಬಳ್ಳಾರಿ ರಸ್ತೆಯಲ್ಲಿ ಯಲಹಂಕವನ್ನು ಹಿಂದಿಟ್ಟು ಉತ್ತರಕ್ಕೆ ಸಾಗಿದರೆ ವಾಯುನೆಲೆಯ ಮಗ್ಗುಲಲ್ಲೇ ಹುಣಸಮಾರನಹಳ್ಳಿ ಸಿಗುತ್ತದೆ. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದಂದಿನಿಂದ ಈ ರಸ್ತೆಯ ಇಕ್ಕೆಲದ ಊರುಗಳ ಚಹರೆಯೇ ಬದಲಾಗಿದೆ. ರಾಗಿ ಬೆಳೆಯುತ್ತಿದ್ದ ಹೊಲಗಳು ನಿವೇಶನಗಳಾಗಿವೆ. ಕಳೆ ಕೀಳಲು, ನೀರು ಹೊರಲು ಹೋಗುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ಇಂದು ಹಗಲು ರಾತ್ರಿಗಳ ಪಾಳಿಯಲ್ಲಿ ಕುಳಿತು ದುಡಿಯುತ್ತಿದ್ದಾರೆ.

ಕಳೆದ ತಪಸ್ಸುಕಾಲದ ಒಂದು ಸಂಜೆ ಈ ಊರಿನ ಕಥೋಲಿಕ ಕುಟುಂಬವೊಂದನ್ನು ನಾವು ಭೇಟಿ ಮಾಡಲು ಹೋಗಿದ್ದೆವು. ನಡುಮನೆಯಲ್ಲಿ ತಾಯಿಯವರು ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ಮಗಳ ಕತ್ತಿನ ಹಿಂಭಾಗವನ್ನು ಉಜ್ಜುತ್ತಿದ್ದರು. "ಸಾಕು ಬಿಡಮ್ಮ, ಉರಿಯುತ್ತೆ" ಎಂದು ಆ ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು. ನಮ್ಮನ್ನು ಕಂಡು ತಾಯಿಯವರು ಸಂಕೋಚದಿಂದ ಕೈ ತೊಳೆದುಕೊಂಡರು. "ಪಾಸ್ಖ ಹಬ್ಬ ಕಳೆದ ಮೇಲೆ ಹುಡುಗನ ಕಡೆಯವರು ನೋಡಲು ಬರುತ್ತಾರೆ. ಎಷ್ಟು ಉಜ್ಜಿದರೂ ಈ ಕಪ್ಪು ಹೋಗುತ್ತಿಲ್ಲ, ನೋಡಿ" ಎಂದರು.

ಮಾತು ಮುಂದುವರಿದಂತೆ ಒಂದೊಂದೇ ಸಂಗತಿ ಹೊರಬಿತ್ತು. ಹುಡುಗಿಗೆ ಇಪ್ಪತ್ತಮೂರು ವರ್ಷ. ಎತ್ತರ ಐದಡಿ ಒಂದಂಗುಲ, ತೂಕ ೭೨ ಕಿಲೋ. ಅದರಲ್ಲಿ ಹನ್ನೊಂದು ಕಿಲೋ ಎರಡೇ ವರ್ಷಗಳಲ್ಲಿ ಏರಿದ್ದು. ಮುಟ್ಟು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ. ಗಲ್ಲದ ಮೇಲೆ ಒರಟು ಕೂದಲು. ಎರಡು ವರ್ಷಗಳ ಹಿಂದೆಯೇ ವೈದ್ಯರೊಬ್ಬರು ಪಿಸಿಓಎಸ್ ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದರು. ಅವು ಗರ್ಭನಿರೋಧಕ ಮಾತ್ರೆಗಳೆಂದು ಔಷಧದ ಅಂಗಡಿಯಲ್ಲಿ ಕೇಳಿ ತಿಳಿದ ತಾಯಿ, ಇನ್ನೂ ಮದುವೆಯಾಗದ ಮಗಳಿಗೆ ಇದೆಂಥ ಪಾಪದ ಮದ್ದು ಎಂದು ಹೆದರಿ ಎಸೆದುಬಿಟ್ಟಿದ್ದರು. ಇನ್ನೊಂದು ಕಡೆ ತೋರಿಸಿದಾಗ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂಬ ಉತ್ತರ ಬಂದಿತ್ತು. ಈಗ ಹುಡುಗಿ ತನ್ನದೇ ದಾರಿ ಹಿಡಿದಿದ್ದಳು. ತಪಸ್ಸುಕಾಲದ ನಲವತ್ತು ದಿನವೂ ಉಪವಾಸ ಮಾಡುತ್ತೇನೆಂದು ಬೆಳಗ್ಗೆ ಮಧ್ಯಾಹ್ನ ಏನೂ ತಿನ್ನುತ್ತಿರಲಿಲ್ಲ. ರಾತ್ರಿ ಪಾಳಿಯ ಮಧ್ಯದಲ್ಲಿ ಹಸಿವು ತಾಳಲಾರದೆ ಬನ್ನು, ಬಿಸ್ಕತ್ತು, ಸಕ್ಕರೆ ತುಂಬಿದ ಚಹಾ. ತೂಕ ಮಾತ್ರ ಇಳಿಯಲಿಲ್ಲ. "ದೇವರಿಗೂ ನನ್ನ ಉಪವಾಸ ಬೇಡವಾಗಿದೆಯೇನೋ" ಎಂದು ಅವಳು ನಗುತ್ತಲೇ ಹೇಳಿದಳು. ಆ ನಗೆ ನಮ್ಮನ್ನು ಬಹಳ ದಿನ ಕಾಡಿತು.

ನಮ್ಮ ಧರ್ಮಕೇಂದ್ರಗಳಲ್ಲಿ ಇಂಥ ಹೆಣ್ಣುಮಕ್ಕಳು ಒಬ್ಬಿಬ್ಬರಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ದೇಶದ ಹಲವು ಭಾಗಗಳ ಒಂಬತ್ತು ಸಾವಿರಕ್ಕೂ ಮಿಕ್ಕಿದ ಮಹಿಳೆಯರನ್ನು ಪರೀಕ್ಷಿಸಿದ ಅಧ್ಯಯನವೊಂದು ೨೦೨೪ರಲ್ಲಿ ಪ್ರಕಟವಾಯಿತು. ೧೮ರಿಂದ ೪೦ ವರ್ಷದ ಮಹಿಳೆಯರಲ್ಲಿ, ಕಟ್ಟುನಿಟ್ಟಾದ ಹಳೆಯ ಮಾನದಂಡದಿಂದ ಅಳೆದರೆ ಶೇಕಡ ೭.೨ ಮಂದಿಗೆ, ಇಂದು ಹೆಚ್ಚು ಬಳಕೆಯಲ್ಲಿರುವ ರಾಟರ್ಡ್ಯಾಂ ಮಾನದಂಡದಿಂದ ಅಳೆದರೆ ಶೇಕಡ ೧೯.೬ ಮಂದಿಗೆ ಈ ತೊಂದರೆ ಇರುವುದು ಅದರಲ್ಲಿ ಕಂಡುಬಂದಿತು. ಭಾನುವಾರದ ಬಲಿಪೂಜೆಯಲ್ಲಿ ಯುವತಿಯರು, ತಾಯಂದಿರು ಕುಳಿತ ಸಾಲುಗಳನ್ನು ಒಮ್ಮೆ ನೆನೆದುಕೊಂಡರೆ ಈ ಅಂಕಿಗಳ ಅರ್ಥ ಮನಸ್ಸಿಗೆ ಇಳಿಯುತ್ತದೆ.

ಇದರ ಪೂರ್ಣ ಹೆಸರು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್. ಹೆಸರು ಕೇಳಿದವರು ಅಂಡಾಶಯದಲ್ಲಿ ಗಡ್ಡೆಗಳು ಬೆಳೆದಿವೆ, ಕೊಯ್ದು ತೆಗೆಯಬೇಕು ಎಂದು ಗಾಬರಿಯಾಗುತ್ತಾರೆ. ಅವು ಗಡ್ಡೆಗಳಲ್ಲ, ಅರ್ಧ ಬೆಳೆದು ನಿಂತುಹೋದ ಅಂಡಕೋಶಗಳು. ೧೯೩೫ರಲ್ಲಿ ಅಮೆರಿಕದ ಶಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಇಬ್ಬರು ವೈದ್ಯರು ಏಳು ಮಂದಿ ಮಹಿಳೆಯರಲ್ಲಿ ಇದನ್ನು ಕಂಡು ವರ್ಣಿಸಿದಾಗ ಕಣ್ಣಿಗೆ ಬಿದ್ದದ್ದು ಅಂಡಾಶಯವಾದ್ದರಿಂದ ಹೆಸರೂ ಅದರ ಮೇಲೆಯೇ ನಿಂತಿತು. ಸ್ವಾರಸ್ಯದ ಸಂಗತಿಯೆಂದರೆ, ಅದಕ್ಕೂ ಮುಂಚೆ ೧೯೨೧ರಲ್ಲಿಯೇ ಫ್ರಾನ್ಸಿನ ಅಶಾರ್ ಮತ್ತು ಥಿಯೇರ್ ಎಂಬ ವೈದ್ಯರು ಮುಖದಲ್ಲಿ ಕೂದಲು ಬೆಳೆದ ಮಹಿಳೆಯರಿಗೂ ಮಧುಮೇಹಕ್ಕೂ ನಂಟಿರುವುದನ್ನು ಗುರುತಿಸಿದ್ದರು. ಆ ನಂಟಿನ ಹಿಂದೆ ಇನ್ಸುಲಿನ್ ಇದೆಯೆಂಬುದು ಸ್ಪಷ್ಟವಾಗಲು ಮತ್ತೆ ಅರವತ್ತು ವರ್ಷಗಳೇ ಬೇಕಾದವು.

ಇನ್ಸುಲಿನ್ ಪ್ರತಿರೋಧ ಎಂದರೇನು? ಬೆಳಗಿನ ಜಾವ ಹಾಲಿನವನು ಬಂದು ಬಾಗಿಲು ಬಡಿಯುತ್ತಾನೆಂದು ಭಾವಿಸೋಣ. ಒಳಗಿನವರ ಕಿವಿ ಮಂದ. ಅವನು ಜೋರಾಗಿ ಬಡಿಯುತ್ತಾನೆ. ಕಡೆಗೆ ಬಾಗಿಲು ತೆರೆಯುತ್ತದೆ, ಹಾಲೂ ಒಳಗೆ ಹೋಗುತ್ತದೆ. ಆದರೆ ಆ ಸದ್ದಿಗೆ ನೆಟ್ಟಗೆ ಕಿವಿ ಕೇಳುವ ನೆರೆಮನೆಯವರೆಲ್ಲ ಎದ್ದು ಕೂರುತ್ತಾರೆ. ನಮ್ಮ ಮಾಂಸಖಂಡಗಳು ಮತ್ತು ಯಕೃತ್ತು ಇನ್ಸುಲಿನ್ನಿನ ಕರೆಗೆ ಕಿವುಡಾದಾಗ ಮೇದೋಜೀರಕ ಗ್ರಂಥಿ ಇನ್ನಷ್ಟು ಮತ್ತಷ್ಟು ಇನ್ಸುಲಿನ್ನನ್ನು ಸ್ರವಿಸುತ್ತದೆ. ರಕ್ತದ ಸಕ್ಕರೆ ಸದ್ಯಕ್ಕೆ ಹತೋಟಿಯಲ್ಲಿರುತ್ತದೆ. ಆದರೆ ನೆರೆಮನೆಯಂತಿರುವ ಅಂಡಾಶಯ ಕಿವುಡಾಗಿಲ್ಲ. ಆ ಹೆಚ್ಚಿನ ಇನ್ಸುಲಿನ್ನಿನ ಒತ್ತಾಯಕ್ಕೆ ಅದು ಟೆಸ್ಟೋಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಹೆಚ್ಚಾಗಿ ತಯಾರಿಸುತ್ತದೆ. ಆ ಹಾರ್ಮೋನನ್ನು ಕಟ್ಟಿಹಾಕುವ ಪ್ರೋಟೀನನ್ನು ಯಕೃತ್ತು ಕಡಿಮೆ ಮಾಡುತ್ತದೆ. ಅಂಡ ಪೂರ್ತಿಯಾಗಿ ಬೆಳೆದು ಬಿಡುಗಡೆಯಾಗುವುದಿಲ್ಲ, ಮುಟ್ಟು ತಪ್ಪುತ್ತದೆ, ಮುಖದಲ್ಲಿ ಕೂದಲು ಮೂಡುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಆ ಕೊಬ್ಬು ಕಿವುಡುತನವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಕತ್ತಿನ ಕಪ್ಪು ಕೂಡ ಇದೇ ಇನ್ಸುಲಿನ್ ಚರ್ಮದ ಮೇಲೆ ಬರೆದ ಬರಹ. ಅದು ಕೊಳೆಯಲ್ಲ, ಕಡಲೆಹಿಟ್ಟಿಗೂ ಬಿಳುಪಿನ ಕ್ರೀಮಿಗೂ ಬಗ್ಗುವುದಿಲ್ಲ. ಇನ್ಸುಲಿನ್ನಿನ ಮಟ್ಟ ಇಳಿದಂತೆ ನಿಧಾನವಾಗಿ ತಿಳಿಯಾಗುತ್ತದೆ. ಮಗಳ ಕತ್ತು, ಕಂಕುಳು ಹೀಗೆ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾಗಿರುವುದನ್ನು ಕಂಡ ತಾಯಿ ಸ್ನಾನದ ಮನೆಗೆ ಎಳೆದೊಯ್ಯುವ ಬದಲು ರಕ್ತ ಪರೀಕ್ಷೆಗೆ ಕರೆದೊಯ್ಯಬೇಕು ಎಂಬುದು ನಮ್ಮ ಮೊದಲ ವಿನಂತಿ.

ಯಾವ ಪರೀಕ್ಷೆ? ಗ್ಲೂಕೋಸ್ ಸಹಿಷ್ಣುತಾ ಪರೀಕ್ಷೆ ಎಂಬುದೊಂದಿದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ೭೫ ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕುಡಿದು, ಎರಡು ಗಂಟೆಗಳ ಬಳಿಕ ಮತ್ತೆ ರಕ್ತ ಕೊಡುವುದು. ಪಿಸಿಓಎಸ್ ಇರುವವರ ಸಕ್ಕರೆಯ ಸ್ಥಿತಿ ತಿಳಿಯಲು ಇದೇ ಉತ್ತಮವೆಂದು ೨೦೨೩ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರೋಗ ತಿಳಿದಾಗ ಒಮ್ಮೆ, ಆಮೇಲೆ ಅವರವರ ಅಪಾಯವನ್ನು ನೋಡಿ ಒಂದರಿಂದ ಮೂರು ವರ್ಷಕ್ಕೊಮ್ಮೆ. ಇನ್ಸುಲಿನ್ನನ್ನೇ ಅಳೆಯುವ ದುಬಾರಿ ಪರೀಕ್ಷೆಗಳು ದಿನನಿತ್ಯದ ಚಿಕಿತ್ಸೆಗೆ ಬೇಕಿಲ್ಲವೆಂದೂ ಅದೇ ಮಾರ್ಗಸೂಚಿ ತಿಳಿಸುತ್ತದೆ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆಗಳು ಮಾತ್ರ ಅಗತ್ಯ, ಏಕೆಂದರೆ ಅವುಗಳ ಏರುಪೇರಿನಿಂದಲೂ ಮುಟ್ಟು ತಪ್ಪುತ್ತದೆ. ಇನ್ನೊಂದು ಮಾತು: ಮೈನೆರೆದು ಎಂಟು ವರ್ಷ ತುಂಬದ ಹುಡುಗಿಯರಿಗೆ ಕೇವಲ ಸ್ಕ್ಯಾನ್ ನೋಡಿ ಪಿಸಿಓಎಸ್ ಎಂದು ಹೆಸರಿಡುವುದು ಸರಿಯಲ್ಲ. ಆ ವಯಸ್ಸಿನಲ್ಲಿ ಅಂಡಾಶಯ ಹಾಗೆ ಕಾಣುವುದು ಸಹಜವೇ ಇರಬಹುದು. ಹದಿನೈದರ ಮಗುವಿಗೆ ಆ ಚೀಟಿ ಅಂಟಿಸಿ ಅವಳ ಬಾಳೆಲ್ಲ ಕತ್ತಲಾಯಿತೆಂದು ಅಳುವ ತಂದೆತಾಯಿಗಳನ್ನು ನಾವು ಕಂಡಿದ್ದೇವೆ.

"ನಮ್ಮ ಹುಡುಗಿ ಸಣ್ಣಗಿದ್ದಾಳೆ, ಅವಳಿಗೆಲ್ಲಿಯ ಪಿಸಿಓಎಸ್" ಎನ್ನುವವರಿಗೂ ಒಂದು ಮಾತು ಹೇಳಬೇಕು. ಪುಣೆಯ ಮಧುಮೇಹ ತಜ್ಞ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ಅವರ ಮಿತ್ರ ಡಾ. ಜಾನ್ ಯೂಡ್ಕಿನ್ ೨೦೦೪ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಪ್ರಕಟಿಸಿದ್ದರು. ಎತ್ತರಕ್ಕೆ ತೂಕದ ಅನುಪಾತ ಇಬ್ಬರದೂ ಒಂದೇ, ೨೨.೩. ಆದರೆ ಇಂಗ್ಲಿಷ್ ವೈದ್ಯರ ಮೈಯಲ್ಲಿ ಕೊಬ್ಬು ಶೇಕಡ ೯.೧ ಇದ್ದರೆ ನಮ್ಮವರ ಮೈಯಲ್ಲಿ ಶೇಕಡ ೨೧.೨ ಇತ್ತು! ಈ ಕಾರಣದಿಂದಲೇ ಏಷ್ಯಾದವರಿಗೆ ಅಳತೆಗೋಲು ಬೇರೆ. ತೂಕವನ್ನು ಕಿಲೋಗಳಲ್ಲಿ ಹಿಡಿದು, ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಬಾರಿ ಭಾಗಿಸಿದಾಗ ಬರುವ ಅಂಕಿ ೨೩ನ್ನು ದಾಟಿದರೆ ನಮಗೆ ಎಚ್ಚರಿಕೆಯ ಗಂಟೆ. ಹೆಂಗಸರ ಸೊಂಟದ ಸುತ್ತಳತೆ ೮೦ ಸೆಂಟಿಮೀಟರಿಗೆ ಏರಿದರೂ ಹಾಗೆಯೇ. ಒಂದು ಟೇಪು ಸಾಕು, ಅದು ಹೊಲಿಗೆಯಂತ್ರವಿರುವ ಪ್ರತಿ ಮನೆಯಲ್ಲೂ ಇದೆ.

ಇನ್ನು ಊಟದ ವಿಚಾರ. ಹುಣಸಮಾರನಹಳ್ಳಿಯ ಆ ಮನೆಯಲ್ಲಿ ಮಗಳಿಗೊಂದು ಬೇರೆ ಅಡುಗೆ ನಡೆಯುತ್ತಿತ್ತು. ತಂದೆಗೂ ತಮ್ಮನಿಗೂ ಕೋಳಿಸಾರು, ಅನ್ನ. ಅವಳಿಗೆ ಸೌತೆಕಾಯಿ ಹೋಳು, ಎರಡು ಒಣ ಚಪಾತಿ. ಊಟದ ಹೊತ್ತಿನಲ್ಲಿ ಆಕೆ ಅಡುಗೆಮನೆಯಲ್ಲೇ ನಿಂತು ತಿಂದು ಮುಗಿಸುತ್ತಿದ್ದಳು. ಹೀಗೆ ಪ್ರತ್ಯೇಕಿಸಿದ ತಟ್ಟೆಯಿಂದ ಯಾರೂ ಬಹುಕಾಲ ಊಟಮಾಡಲಾರರು. ಈ ತೊಂದರೆಗೆಂದೇ ಒಂದು ವಿಶೇಷ ಪಥ್ಯ ಜಗತ್ತಿನಲ್ಲಿ ಎಲ್ಲಿಯೂ ಇಲ್ಲ. ಒಂದು ಪಥ್ಯಕ್ಕಿಂತ ಮತ್ತೊಂದು ಮೇಲೆಂದು ಸಿದ್ಧವಾಗಿಲ್ಲ ಎಂದು ಮೇಲೆ ಹೇಳಿದ ಮಾರ್ಗಸೂಚಿಯೇ ಹೇಳುತ್ತದೆ. ಮಗಳಿಗೆ ಒಳ್ಳೆಯದಾದದ್ದು ಐವತ್ತು ದಾಟಿದ ತಂದೆಯ ಸಕ್ಕರೆಗೂ ತಾಯಿಯ ಮಂಡಿನೋವಿಗೂ ಒಳ್ಳೆಯದೇ. ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹ ಇರುವವರ ಸಂಖ್ಯೆ ಹತ್ತು ಕೋಟಿಯನ್ನು ದಾಟಿದೆ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ ೧೩ ಕೋಟಿ ೬೦ ಲಕ್ಷ. ಹೀಗಿರುವಾಗ ಮಗಳೊಬ್ಬಳೇ ರೋಗಿ, ಉಳಿದವರೆಲ್ಲ ಆರೋಗ್ಯವಂತರು ಎಂಬುದು ಬಹುತೇಕ ಮನೆಗಳಲ್ಲಿ ಭ್ರಮೆ.

ತಟ್ಟೆಯ ಅರ್ಧ ಭಾಗ ಸೊಪ್ಪು ತರಕಾರಿ. ಕಾಲು ಭಾಗ ಕಾಳು, ಬೇಳೆ, ಮೊಟ್ಟೆ, ಮೀನು ಅಥವಾ ಮಾಂಸ. ಉಳಿದ ಕಾಲು ಭಾಗ ಮಾತ್ರ ಮುದ್ದೆ ಅಥವಾ ಅನ್ನ. ಇದಕ್ಕಾಗಿ ಪೇಟೆಯಿಂದ ಹೊಸ ಹೆಸರಿನ ಕಾಳುಗಳನ್ನು ತರಬೇಕಾಗಿಲ್ಲ. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು, ಮಾಗಿಯ ಅವರೆಕಾಳು ಇವೆಲ್ಲ ನಮ್ಮ ಬಯಲುಸೀಮೆಯ ಅಡುಗೆಗಳೇ. ಕೊರತೆಯಿರುವುದು ಪ್ರಮಾಣದಲ್ಲಿ. ಸಾರಿನ ತಳದಲ್ಲಿರುವ ಕಾಳು ಸೊಪ್ಪು ಪಾತ್ರೆಯಲ್ಲೇ ಉಳಿದು, ತಿಳಿ ಮಾತ್ರ ಅನ್ನದ ರಾಶಿಗೆ ಬೀಳುತ್ತದೆ.

ರಾಗಿಯ ಬಗ್ಗೆ ನಮ್ಮ ಜನರಲ್ಲಿ ಇರುವ ಅಭಿಮಾನ ನಮಗೂ ಇದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ, ನಾರೂ ಇದೆ. ಅಂದಮಾತ್ರಕ್ಕೆ ಮುದ್ದೆ ತಿಂದರೆ ಸಕ್ಕರೆ ಏರುವುದಿಲ್ಲ ಎಂದು ತಿಳಿಯಬಾರದು, ರಾಗಿಯೂ ಹಿಟ್ಟೇ. ಹೊಲದಲ್ಲಿ ಗುದ್ದಲಿ ಹಿಡಿಯುತ್ತಿದ್ದ ತಾತನ ಮುದ್ದೆಯ ಗಾತ್ರವನ್ನು ಕುರ್ಚಿಯಲ್ಲಿ ಕೂರುವ ಮೊಮ್ಮಗಳಿಗೆ ಇಡಬಾರದು. ಅವಳ ಮುಷ್ಟಿಯಷ್ಟು ಸಾಕು, ಮತ್ತು ಮುದ್ದೆಯ ಮೇಲೆ ಪುನಃ ಅನ್ನ ಬೇಡ. ಬೆಲ್ಲ ಹಾಕಿದ ರಾಗಿ ಗಂಜಿಯನ್ನು ಔಷಧವೆಂದು ಲೋಟಗಟ್ಟಲೆ ಕುಡಿಯುವವರಿದ್ದಾರೆ. ಬೆಲ್ಲವಾದರೂ ಜೇನಾದರೂ ಇನ್ಸುಲಿನ್ನಿನ ಲೆಕ್ಕದಲ್ಲಿ ಸಕ್ಕರೆಯೇ. ದಿನಕ್ಕೆ ನಾಲ್ಕು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ೪೦ ಗ್ರಾಂ, ಅಂದರೆ ೧೬೦ ಕ್ಯಾಲೊರಿ. ಮೊದಲ ತಿಂಗಳು ಎರಡರಿಂದ ಒಂದು ಚಮಚಕ್ಕೆ, ಮುಂದಿನ ತಿಂಗಳು ಅರ್ಧಕ್ಕೆ ಇಳಿಸಿದರೆ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಊಟಕ್ಕೆ ಕುಳಿತಾಗ ಮೊದಲು ಪಲ್ಯ ಮತ್ತು ಕಾಳು, ಕೊನೆಗೆ ಅನ್ನ ಎಂಬ ಕ್ರಮವನ್ನು ಹಿಡಿದರೂ ಊಟದ ನಂತರದ ಸಕ್ಕರೆಯ ಏರಿಕೆ ತಗ್ಗುತ್ತದೆ. ಖರ್ಚಿಲ್ಲದ ಉಪಾಯ. ಕ್ರಿಸ್ತ ಜಯಂತಿಯ ಕಜ್ಜಾಯ, ಕೇಕುಗಳನ್ನು ಯಾರೂ ಬಿಡಬೇಕಾಗಿಲ್ಲ; ಜನವರಿ ಕೊನೆಯವರೆಗೂ ಡಬ್ಬಿ ತುಂಬಿರುವುದು ಬೇಡ, ಅಷ್ಟೆ.

ಎಷ್ಟು ತೂಕ ಇಳಿಯಬೇಕು? ಇಲ್ಲಿಯೇ ಹೆಚ್ಚಿನವರು ಎದೆಗುಂದುವುದು. ಸಿನಿಮಾ ನಟಿಯ ಮೈಕಟ್ಟು ಗುರಿಯಲ್ಲ. ಇರುವ ತೂಕದ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಅನೇಕರಲ್ಲಿ ಮುಟ್ಟು ಹಳಿಗೆ ಬರುತ್ತದೆ, ಸಕ್ಕರೆ ಸುಧಾರಿಸುತ್ತದೆ. ೭೨ ಕಿಲೋ ಇರುವ ನಮ್ಮ ಹುಡುಗಿಗೆ ಅದು ಮೂರೂವರೆಯಿಂದ ಏಳು ಕಿಲೋ. ತೂಕ ಇಳಿಯದಿದ್ದರೂ ನಡಿಗೆಯಿಂದ, ಒಳ್ಳೆಯ ಊಟದಿಂದ ಒಳಗಿನ ಲಾಭ ಆಗುತ್ತಲೇ ಇರುತ್ತದೆ. ಈ ತೊಂದರೆ ಇರುವವರಿಗೆ ತೂಕ ಇಳಿಸುವುದು ಉಳಿದವರಿಗಿಂತ ಕಷ್ಟ, ಅದು ಸೋಮಾರಿತನವಲ್ಲ. ಬಲಿಪೂಜೆ ಮುಗಿದು ದೇವಾಲಯದ ಮೆಟ್ಟಿಲಿಳಿಯುವಾಗ "ಏನಮ್ಮ, ಇನ್ನೂ ದಪ್ಪಗಾಗಿದ್ದೀಯಲ್ಲ" ಎಂದು ಕೇಳುವ ಹಿರಿಯ ತಾಯಂದಿರು ಒಂದು ಕ್ಷಣ ಯೋಚಿಸಬೇಕು. ಪಿಸಿಓಎಸ್ ಇರುವ ಹೆಣ್ಣುಮಕ್ಕಳಲ್ಲಿ ಖಿನ್ನತೆ ಮತ್ತು ಆತಂಕ ಹೆಚ್ಚಾಗಿ ಕಾಣುತ್ತವೆ ಎಂಬುದು ಸ್ಥಾಪಿತವಾದ ಸತ್ಯ. ಆ ಒಂದು ಮಾತಿಗೆ ಹೆದರಿ ದೇವಾಲಯಕ್ಕೆ ಬರುವುದನ್ನೇ ನಿಲ್ಲಿಸಿದ ಹುಡುಗಿಯರನ್ನು ನಾವು ಬಲ್ಲೆವು.

ವ್ಯಾಯಾಮದ ಲೆಕ್ಕ ಸರಳ: ವಾರಕ್ಕೆ ಕನಿಷ್ಠ ೧೫೦ ನಿಮಿಷ ಚುರುಕಾದ ನಡಿಗೆ, ಜೊತೆಗೆ ವಾರಕ್ಕೆರಡು ದಿನ ಮಾಂಸಖಂಡಗಳಿಗೆ ಭಾರದ ಕೆಲಸ. ತೂಕ ಇಳಿಸಬೇಕಾದರೆ ೨೫೦ ನಿಮಿಷ. ಬಳ್ಳಾರಿ ರಸ್ತೆಯ ಅಂಚಿನಲ್ಲಿ ನಡೆಯುವುದು ಜೀವಕ್ಕೇ ಅಪಾಯ ಎಂಬುದನ್ನು ಒಪ್ಪುತ್ತೇವೆ. ಒಳದಾರಿಗಳಿವೆ, ಬಡಾವಣೆಯ ರಸ್ತೆಗಳಿವೆ. ಒಂದು ಜಪಸರ ಮುಗಿಯಲು ಸುಮಾರು ಇಪ್ಪತ್ತು ನಿಮಿಷ ಬೇಕು. ರಾತ್ರಿಯ ಊಟದ ಬಳಿಕ ತಾಯಿ ಮಗಳು ಜಪಸರ ಹೇಳುತ್ತಾ ನಡೆದರೆ ಪ್ರಾರ್ಥನೆಯೂ ಆಯಿತು, ಊಟದ ಸಕ್ಕರೆಯನ್ನು ಕಾಲಿನ ಸ್ನಾಯುಗಳು ಹೀರಿಕೊಂಡಂತೆಯೂ ಆಯಿತು. ಭಾರದ ಕೆಲಸವನ್ನು ಹಿಂದೆ ನೀರಿನ ಬಿಂದಿಗೆ, ಒರಳುಕಲ್ಲು ಮಾಡಿಸುತ್ತಿದ್ದವು. ಈಗ ಕುರ್ಚಿಯಿಂದ ಕೈಯೂರದೆ ಹದಿನೈದು ಸಲ ಏಳುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವುದು ಆ ಜಾಗ ತುಂಬಬಲ್ಲವು. ರಾತ್ರಿ ಪಾಳಿಯವರು ಹಗಲಿನಲ್ಲಿ ಕೋಣೆಯನ್ನು ಕತ್ತಲಾಗಿಸಿಕೊಂಡು ನಿದ್ದೆ ಪೂರೈಸಬೇಕು. ನಿದ್ದೆ ಕೆಟ್ಟಾಗಲೂ ಜೀವಕೋಶಗಳು ಇನ್ಸುಲಿನ್ನಿಗೆ ಕಿವುಡಾಗುತ್ತವೆ.

ಉಪವಾಸದ ಪ್ರಶ್ನೆಗೆ ಬರೋಣ. ಧರ್ಮಸಭೆಯ ನಿಯಮದಲ್ಲಿ ಕಡ್ಡಾಯವಾದ ಉಪವಾಸದ ದಿನಗಳು ಎರಡೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅಂದು ಕೂಡ ಒಂದು ಪೂರ್ಣ ಊಟಕ್ಕೂ ಎರಡು ಲಘು ಆಹಾರಕ್ಕೂ ಅವಕಾಶವಿದೆ. ಹದಿನೆಂಟು ತುಂಬದವರಿಗೆ, ಅರವತ್ತನೇ ವರ್ಷಕ್ಕೆ ಕಾಲಿಟ್ಟವರಿಗೆ ಉಪವಾಸದ ಕಟ್ಟಳೆ ಇಲ್ಲ. ರೋಗಿಗಳಿಗೂ ಗರ್ಭಿಣಿಯರಿಗೂ ವಿನಾಯಿತಿ ಇರುವುದು ಹಳೆಯ ರೂಢಿ. ಹಗಲೆಲ್ಲ ಹಸಿದು ನಡುರಾತ್ರಿ ಬನ್ನು ನುಂಗುವುದರಲ್ಲಿ ತಪಸ್ಸೂ ಇಲ್ಲ, ಪಥ್ಯವೂ ಇಲ್ಲ. ತ್ಯಾಗ ಮಾಡಲೇಬೇಕೆಂಬ ಮನಸ್ಸಿದ್ದರೆ ನಲವತ್ತು ದಿನ ಚಹಾದ ಸಕ್ಕರೆಯನ್ನೂ ಬೇಕರಿಯ ಬಾಗಿಲನ್ನೂ ಬಿಟ್ಟು, ಉಳಿದ ಹಣವನ್ನು ಬಡವರ ಪೆಟ್ಟಿಗೆಗೆ ಹಾಕಬಹುದು.

ಅಷ್ಟಾದರೂ ಔಷಧ ಬೇಕಾಗುವವರು ಇದ್ದಾರೆ. ಇನ್ಸುಲಿನ್ನಿನ ಕಿವುಡುತನಕ್ಕೆ ಬಹಳ ಕಾಲದಿಂದ ಬಳಕೆಯಲ್ಲಿರುವುದು ಮೆಟ್‌ಫಾರ್ಮಿನ್. ೧೯೫೭ರಲ್ಲಿ ಪ್ಯಾರಿಸಿನ ವೈದ್ಯ ಜ್ಯಾಂ ಸ್ಟೆರ್ನ್ ಇದನ್ನು ಮಧುಮೇಹಕ್ಕೆ ಬಳಸಿ ವರದಿ ಮಾಡಿದರು. ಇದರ ಮೂಲ ಯೂರೋಪಿನ ಒಂದು ಹೊಲದ ಗಿಡ. ಸಾಮಾನ್ಯವಾಗಿ ೫೦೦ ಮಿಲಿಗ್ರಾಮಿನಿಂದ ಆರಂಭಿಸಿ ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಏರಿಸುತ್ತಾರೆ. ಊಟದೊಂದಿಗೆ ತೆಗೆದುಕೊಂಡರೆ ವಾಕರಿಕೆ, ಭೇದಿ ಕಡಿಮೆ. ಮೊದಲ ವಾರದ ಹೊಟ್ಟೆತೊಳಸಿಗೆ ಹೆದರಿ ಬಿಟ್ಟುಬಿಡುವವರೇ ಹೆಚ್ಚು. ವೈದ್ಯರಿಗೆ ಹೇಳಿದರೆ ನಿಧಾನವಾಗಿ ಕರಗುವ ಬಗೆಯ ಮಾತ್ರೆಯನ್ನು ಕೊಡುತ್ತಾರೆ. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಬಿ-೧೨ ಜೀವಸತ್ವ ಕುಗ್ಗಬಹುದಾದ್ದರಿಂದ ಅದನ್ನು ಪರೀಕ್ಷಿಸಿಕೊಳ್ಳುವುದು ಲೇಸು. ಮದುವೆಯಾದವರು ಗಮನಿಸಬೇಕಾದ ಮಾತೊಂದಿದೆ: ಇದರಿಂದ ಅಂಡ ಬಿಡುಗಡೆ ಮತ್ತೆ ಆರಂಭವಾಗಿ, ನಿರೀಕ್ಷಿಸದಿದ್ದಾಗಲೂ ಗರ್ಭ ನಿಲ್ಲಬಹುದು. ಈಚೆಗೆ ಬಂದಿರುವ ತೂಕ ಇಳಿಸುವ ಚುಚ್ಚುಮದ್ದುಗಳು ಪರಿಣಾಮಕಾರಿಯೇ ಸರಿ. ಆದರೆ ಅವನ್ನು ತೆಗೆದುಕೊಳ್ಳುವಾಗ ಗರ್ಭಿಣಿಯಾಗಬಾರದು, ನಿಲ್ಲಿಸಿದರೆ ತೂಕ ಮರಳುವುದುಂಟು. ತಜ್ಞರ ಸಲಹೆಯಿಲ್ಲದೆ ಅಂಗಡಿಯಿಂದ ತಂದು ಚುಚ್ಚಿಕೊಳ್ಳುವ ಪದಾರ್ಥವಲ್ಲ.

ಈಗ ಆ ತಾಯಿ ಎಸೆದ ಮಾತ್ರೆಗಳ ಮಾತು. ತೊಂಬತ್ತು ದಿನಗಳಿಗೂ ಮಿಕ್ಕಿ ಮುಟ್ಟು ಬಾರದೆ ಹೋದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ಹಾಗೆಯೇ ವರ್ಷಗಟ್ಟಲೆ ಬಿಟ್ಟರೆ ಮುಂದೆ ಅಲ್ಲಿ ಕ್ಯಾನ್ಸರ್ ಹುಟ್ಟುವ ಸಂಭವ ಉಳಿದವರಿಗಿಂತ ಹೆಚ್ಚು. ಆ ಪದರವನ್ನು ಕಾಲಕಾಲಕ್ಕೆ ಕಳಚುವಂತೆ ಮಾಡಲು, ಗಂಡು ಹಾರ್ಮೋನನ್ನು ತಗ್ಗಿಸಲು ವೈದ್ಯರು ಈ ಮಾತ್ರೆಗಳನ್ನು ಕೊಡುತ್ತಾರೆ. ಜಗದ್ಗುರು ಆರನೇ ಪೌಲರು ೧೯೬೮ರ ಜುಲೈ ೨೫ರಂದು ಸಹಿ ಮಾಡಿದ ಹ್ಯುಮಾನೆ ವೀಟೆ ವಿಶ್ವಪತ್ರ ಕೃತಕ ಗರ್ಭನಿರೋಧವನ್ನು ನಿಷೇಧಿಸುತ್ತದೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅದೇ ಪತ್ರದ ಹದಿನೈದನೇ ಪರಿಚ್ಛೇದ ಮಾತ್ರ ಅಷ್ಟಾಗಿ ಯಾರ ಕಿವಿಗೂ ಬಿದ್ದಿಲ್ಲ. ದೇಹದ ರೋಗವನ್ನು ಗುಣಪಡಿಸಲು ಅಗತ್ಯವಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ಅಡ್ಡಿಯಾಗುವುದೆಂದು ಮೊದಲೇ ತಿಳಿದಿದ್ದರೂ, ಆ ಅಡ್ಡಿಯೇ ಉದ್ದೇಶವಲ್ಲದಿದ್ದಲ್ಲಿ ಆ ಚಿಕಿತ್ಸೆ ಅಕ್ರಮವಲ್ಲ ಎಂಬುದು ಅದರ ತಾತ್ಪರ್ಯ. ಅವಿವಾಹಿತ ಮಗಳ ಗರ್ಭಕೋಶವನ್ನು ಕಾಪಾಡಲು ಕೊಟ್ಟ ಮದ್ದು ಪಾಪದ ಮದ್ದಲ್ಲ. ಮನಸ್ಸು ಒಪ್ಪದಿದ್ದವರು ಹಾಗೆಂದು ವೈದ್ಯರಿಗೆ ನೇರವಾಗಿ ತಿಳಿಸಬೇಕು. ಕೆಲವೇ ದಿನ ತೆಗೆದುಕೊಳ್ಳುವ ಪ್ರೊಜೆಸ್ಟೋಜನ್ ಮಾತ್ರೆಗಳ ದಾರಿಯೂ ಇದೆ. ಗುಟ್ಟಾಗಿ ಎಸೆಯುವುದು ಮಾತ್ರ ದಾರಿಯಲ್ಲ. ರಕ್ತ ಹೆಪ್ಪುಗಟ್ಟುವ ತೊಂದರೆ, ರಕ್ತದೊತ್ತಡ, ತೀವ್ರ ಅರೆತಲೆನೋವು ಇದ್ದವರು ಅದನ್ನು ಮುಚ್ಚಿಡದೆ ಹೇಳಬೇಕು.

ವೈದ್ಯರ ಬಳಿ ಹೋಗಲು ನಾಚಿ ಸಾಯುವ ಹೆಂಗಸರಿಗಾಗಿ ಬಾಳನ್ನೇ ಕೊಟ್ಟ ಧರ್ಮಭಗಿನಿಯೊಬ್ಬರು ನಮ್ಮ ಬೆಂಗಳೂರಿನಲ್ಲೇ ೧೯೫೭ರ ಮೇ ೫ರಂದು ಕಣ್ಮುಚ್ಚಿದರು. ಆಸ್ಟ್ರೇಲಿಯದಿಂದ ೧೯೨೦ರಲ್ಲಿ ಗುಂಟೂರಿಗೆ ಬಂದ ಡಾ. ಮೇರಿ ಗ್ಲೌರಿ, ಅಂದರೆ ಸಿಸ್ಟರ್ ಮೇರಿ ಆಫ್ ದ ಸೇಕ್ರೆಡ್ ಹಾರ್ಟ್, ಗಂಡು ವೈದ್ಯರಿಗೆ ಮೈ ತೋರಿಸಲಾರದೆ ಪ್ರಾಣ ಬಿಡುತ್ತಿದ್ದ ತಾಯಂದಿರ ಸಂಗತಿ ಓದಿಯೇ ಈ ದೇಶಕ್ಕೆ ಹೊರಟವರು. ೧೯೪೩ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದ ಅವರು ಕಥೋಲಿಕ ವೈದ್ಯಕೀಯ ಕಾಲೇಜೊಂದರ ಕನಸು ಕಂಡಿದ್ದರು. ೧೯೬೩ರಲ್ಲಿ ನಮ್ಮ ನಗರದಲ್ಲೇ ಸಂತ ಯೋಹಾನರ ವೈದ್ಯಕೀಯ ಕಾಲೇಜು ಆರಂಭವಾಯಿತು. ಇಂದು ಮಹಿಳಾ ವೈದ್ಯರಿಗೆ ಬರವಿಲ್ಲ; ಯಲಹಂಕದ ಸರ್ಕಾರಿ ಆಸ್ಪತ್ರೆಯವರೆಗೆ ಬಸ್ಸುಗಳೂ ಧಾರಾಳವಾಗಿವೆ. ಉಳಿದಿರುವುದು ನಾಚಿಕೆಯೊಂದೇ. ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ, ಗುಂಪಿನ ನಡುವೆ ನುಸುಳಿ ಬಂದ ಆ ಸ್ತ್ರೀಯನ್ನು ಯೇಸುಸ್ವಾಮಿ ಎಲ್ಲರೆದುರು ಮಗಳೇ ಎಂದು ಕರೆದದ್ದನ್ನು ಸಂತ ಮಾರ್ಕನ ಶುಭಸಂದೇಶದ ಐದನೇ ಅಧ್ಯಾಯದಲ್ಲಿ ಓದಿಕೊಳ್ಳಬಹುದು.

ಮದುವೆಯ ಮಾತು ಬಂದಾಗ ಮುಚ್ಚಿಡಬೇಕೆ ಎಂದು ಆ ತಾಯಿ ನಮ್ಮನ್ನು ಕೇಳಿದರು. ಬೇಡವೆಂದೇ ನಾವು ಹೇಳಿದೆವು. ಪಿಸಿಓಎಸ್ ಎಂದರೆ ಬಂಜೆತನವಲ್ಲ. ಅಂಡ ಬಿಡುಗಡೆ ವಿರಳವಾಗಿರುತ್ತದೆ, ಅಷ್ಟೆ. ಹೆಚ್ಚಿನವರು ತಾಯಂದಿರಾಗುತ್ತಾರೆ, ಕೆಲವರಿಗೆ ಚಿಕಿತ್ಸೆಯ ನೆರವು ಬೇಕಾಗುತ್ತದೆ. ಲೆಟ್ರೊಜೋಲ್ ಎಂಬ ಮಾತ್ರೆ ಹಳೆಯ ಕ್ಲೋಮಿಫಿನ್‌ಗಿಂತ ಮೇಲೆಂದು ೨೦೧೪ರಲ್ಲಿ ಅಮೆರಿಕದ ೭೫೦ ಮಹಿಳೆಯರ ಅಧ್ಯಯನ ತೋರಿಸಿತು: ಮೊದಲನೆಯದನ್ನು ಪಡೆದವರಲ್ಲಿ ಶೇಕಡ ೨೭.೫ ಮಂದಿ, ಎರಡನೆಯದನ್ನು ಪಡೆದವರಲ್ಲಿ ಶೇಕಡ ೧೯.೧ ಮಂದಿ ಜೀವಂತ ಮಗುವನ್ನು ಹೆತ್ತರು. ದಂಪತಿಗಳ ಸಹಜ ಮಿಲನಕ್ಕೆ ನೆರವಾಗುವ ಇಂಥ ಚಿಕಿತ್ಸೆಗೆ ಧರ್ಮಸಭೆಯ ಅಡ್ಡಿಯಿಲ್ಲ; ಪ್ರನಾಳ ಶಿಶುವಿನ ವಿಧಾನಕ್ಕೆ ಮಾತ್ರ ಅದು ಒಪ್ಪಿಗೆ ಕೊಟ್ಟಿಲ್ಲ. ನೈಸರ್ಗಿಕ ಕುಟುಂಬ ಯೋಜನೆಯನ್ನು ಅನುಸರಿಸುವವರಿಗೆ ಈ ತೊಂದರೆಯಲ್ಲಿ ಫಲವತ್ತಾದ ದಿನಗಳ ಲಕ್ಷಣಗಳು ಬಂದು ಬಂದು ಮರೆಯಾಗಿ ಗೊಂದಲವಾಗುವುದರಿಂದ, ಪುಸ್ತಕ ನೋಡಿ ಲೆಕ್ಕ ಹಾಕದೆ ತರಬೇತಿ ಪಡೆದವರಲ್ಲಿಯೇ ಕೇಳಬೇಕು. ಗರ್ಭ ನಿಂತ ಮೇಲೆ ಗರ್ಭಕಾಲದ ಮಧುಮೇಹದ ಪರೀಕ್ಷೆಯನ್ನು ಮೊದಲ ತಿಂಗಳುಗಳಲ್ಲೇ ಒಮ್ಮೆ, ೨೪ರಿಂದ ೨೮ನೇ ವಾರಗಳ ನಡುವೆ ಮತ್ತೊಮ್ಮೆ ಮಾಡಿಸಬೇಕು. ವಿವಾಹಪೂರ್ವ ತರಬೇತಿ ಶಿಬಿರಗಳಲ್ಲಿ ಇದಕ್ಕೆಂದು ಅರ್ಧ ಗಂಟೆಯನ್ನು ಮೀಸಲಿಡಬಾರದೇಕೆ ಎಂದು ಗುರುಗಳಲ್ಲಿ ನಮ್ಮ ಅರಿಕೆ. ಅಲ್ಲಿ ಕುಳಿತ ಗಂಡುಮಕ್ಕಳೂ ಕೇಳಲಿ.

ಶಿವಾಜಿನಗರದ ಮಾತೆಯ ಉತ್ಸವದ ವೇಳೆಗೆ ಆ ಕುಟುಂಬ ನಮಗೆ ಮತ್ತೆ ಸಿಕ್ಕಿತು. ಮಗಳು ಗ್ಲೂಕೋಸ್ ಪರೀಕ್ಷೆ ಮಾಡಿಸಿಕೊಂಡಿದ್ದಳು. ಮಧುಮೇಹವಲ್ಲ, ಅದರ ಹೊಸ್ತಿಲು. ತಂದೆಯೂ ಅದೇ ದಿನ ರಕ್ತ ಕೊಟ್ಟಿದ್ದರು. ಅವರು ಹೊಸ್ತಿಲು ದಾಟಿರುವುದು ಗೊತ್ತಾಯಿತು. ಮನೆಯಲ್ಲೀಗ ಒಂದೇ ಅಡುಗೆ, ಒಂದೇ ಬಗೆಯ ತಟ್ಟೆ. ಮಗಳ ತೂಕ ೬೯ ಕಿಲೋಗೆ ಬಂದಿದೆ, ಐದು ತಿಂಗಳಲ್ಲಿ ಮೂರು ಬಾರಿ ಮುಟ್ಟಾಗಿದೆ. ಕತ್ತಿನ ಕಪ್ಪು ಸ್ವಲ್ಪ ತಿಳಿಯಾಗಿದೆಯೆಂದು ತಾಯಿ ಹೇಳುತ್ತಾರೆ, ಇಲ್ಲವೆಂದು ಮಗಳು. ಹುಡುಗನ ಕಡೆಯವರಿಗೆ ಎಲ್ಲವನ್ನೂ ಬಿಚ್ಚಿ ಹೇಳಿದ್ದಾರೆ. ಅವರು ಇನ್ನೂ ಉತ್ತರ ಕೊಟ್ಟಿಲ್ಲ.